ಮೂರು ಕೂಗು

ಮಂಡ್ಯದ ಕೋರ್ಟಿನೆದುರು ಬೇವಿನ ಮರಕ್ಕೆ ಬೆನ್ನು ಕೊಟ್ಟು
ಚೆಲುವಮ್ಮನ ಅಂಗಡಿ: ಡಿಟಿಪಿ, ಜೆರಾಕ್ಸು, ಛಾಪಾ ಕಾಗದ.
ನಾನು ಬರೆದ ತಂತ್ರಾಂಶದಲ್ಲೇ ಅವಳು
ಸುತ್ತಲ ಊರುಗಳ ಜಗಳವನ್ನೆಲ್ಲ ಟೈಪು ಮಾಡುವುದು.
ಫೋನಿನಲ್ಲಿ ಒಂದೇ ಮಾತು ಅಂದಿದ್ದಳು:
"ನಿಮ್ ಹೊಸದು ಹಾಕ್ಸುದ್ಮೇಲೆ
ನನ್ ಪಟ್ಟಿ ಸವೀತಾ ಅದೆ ಕಣ್ ಮೇಡಂ."

ಮೈಸೂರಿನ ಮಹಡಿಕೋಣೆಯಲ್ಲಿ ಕೂತು ಕೇಳಿದಾಗ
ತಪ್ಪು ಅವಳದ್ದೇ ಎಂದು ಖಚಿತವಾಗಿತ್ತು ನನಗೆ.
ಹಾಗೆ ಖಚಿತವಾಗುವುದು ನಮ್ಮ ಕಸುಬಿನ ರೋಗ.
ಬೆಳಗಿನ ಪ್ಯಾಸೆಂಜರ್ ಹಿಡಿದೆ.

ಆ ಪಟ್ಟಿಯ ಒಳಗುಟ್ಟು ದೊಡ್ಡದೇನಲ್ಲ.
'ಇತ್ತೀಚಿನವು' ಎಂದು ಒತ್ತಿದಾಗ ಇಳಿಬೀಳುವ ಹೆಸರುಗಳು
ಫೈಲುಗಳಲ್ಲ, ಫೈಲಿನ ಮನೆಗೆ ದಾರಿ ಬರೆದ ಚೀಟಿಗಳು.
ಹೊಸಬ ಬಂದರೆ ನೆತ್ತಿಯ ಮೇಲೆ.
ಹಳಬನೇ ಮತ್ತೆ ಬಂದರೆ ಎರಡು ಸಲ ಬರೆಯುವುದಿಲ್ಲ,
ಇದ್ದಲ್ಲಿಂದ ಎತ್ತಿ ಮೇಲೆ ಕೂರಿಸುತ್ತೇವೆ.
ಹನ್ನೊಂದನೆಯವನು ಒಳಗೆ ಕಾಲಿಟ್ಟ ಗಳಿಗೆ
ತೀರಾ ಕೆಳಗಿನವನು ಸದ್ದಿಲ್ಲದೆ ಎದ್ದು ಹೋಗುತ್ತಾನೆ.
ಹತ್ತೇ ಏಕೆ? ಯಾರೋ ಹತ್ತು ಅಂದರು.
ಬೆರಳು ನೋಡಿಕೊಂಡಿರಬೇಕು.

ಹೊಸ ಆವೃತ್ತಿಯಲ್ಲಿ ಒಂದು ಅಚ್ಚುಕಟ್ಟು ಸೇರಿಸಿದ್ದೆ, ಹೆಮ್ಮೆಯಿಂದಲೇ:
ಮೆನು ತೆರೆಯುವ ಮುನ್ನ, ಎವೆ ಮುಚ್ಚುವಷ್ಟರಲ್ಲಿ,
ಪ್ರತಿ ಚೀಟಿಯ ದಾರಿ ಹಿಡಿದು ಹೋಗಿ ಕದ ತಟ್ಟುವುದು.
ಇದ್ದೀಯಾ?
ಓ ಅಂದರೆ ಸರಿ.
ಅನ್ನದಿದ್ದರೆ ಚೀಟಿ ಹರಿ.
ಸತ್ತ ಹೆಸರನ್ನು ಒತ್ತಿ 'ಸಿಗಲಿಲ್ಲ' ಅನ್ನಿಸಿಕೊಳ್ಳುವ ಪೆಚ್ಚು
ಯಾರಿಗೂ ಬೇಡ ಎಂದು.

ಚೆಲುವಮ್ಮನ ಮೇಜಿನ ಮೇಲೆ ಹಳೇ ಉಪ್ಪಿನಕಾಯಿ ಬಾಟಲಿ.
ಅದರ ತುಂಬ ಪೆನ್‌ಡ್ರೈವು. ಕತ್ತಿಗೆ ದಾರ, ದಾರಕ್ಕೆ ರಟ್ಟಿನ ಚೂರು,
ಒಬ್ಬೊಬ್ಬ ವಕೀಲರಿಗೆ ಒಂದೊಂದು.
"ಅವ್ರವ್ರ ಗುಟ್ಟು ಅವ್ರವ್ರ ಡಬ್ಬೀಲೇ ಇರ್ಲಿ" ಎಂದು
ಕಂಪ್ಯೂಟರಿನ ಹೊಟ್ಟೆಯಲ್ಲಿ ಏನನ್ನೂ ಇಟ್ಟಿರಲಿಲ್ಲ ಅವಳು.
ಫೋಲ್ಡರು ಹುಡುಕುವುದನ್ನು ಯಾರೂ ಕಲಿಸಿರಲಿಲ್ಲ.
ನೆನಪೆಂದರೆ ಆ ಹತ್ತು ಸಾಲು:
ಪಾಲುಪಾರೀಕತ್ತು ಹೊಸದು,
ಪಾಲುಪಾರೀಕತ್ತು ಹೊಸದು ಕೊನೇದು,
ಜಯಶೀಲ ಹೆಸರು ತಿದ್ದುಪಡಿ,
ಹುಚ್ಚೇಗೌಡ್ರ ಬಾವಿ ತಕರಾರು.
ಹೆಸರು ನೋಡುವುದು, ಬಾಟಲಿಗೆ ಕೈ ಹಾಕುವುದು, ಚುಚ್ಚುವುದು, ಒತ್ತುವುದು.

ನಾನು ಕಳಿಸಿದ ಆಳು ಕದ ತಟ್ಟಲು ಹೋದಾಗ
ಮನೆಗೆ ಮನೆಯೇ ಮುಚ್ಚಳದ ಕೆಳಗೆ, ಬಾಟಲಿಯಲ್ಲಿ.
ಅಳಿಸಿದ ಫೈಲಿಗೂ ಅದೇ ಉತ್ತರ, ಚುಚ್ಚದ ಡ್ರೈವಿಗೂ ಅದೇ:
ಇಲ್ಲ.
ಒಂದು ಕಡೆಯಿಂದ ಹರಿಯುತ್ತ ಬಂದಿದ್ದ, ನಾನು ಹೇಳಿದಂತೆಯೇ.

ಏನು ಹೇಳಲಿ ಎಂದು ತಡವರಿಸುತ್ತಿರುವಾಗ
ಕೋರ್ಟಿನ ಜಗಲಿಯಿಂದ ಜವಾನನ ದನಿ:
ಹುಚ್ಚೇಗೌಡ ಬಿನ್ ಲೇಟ್ ಬೋರೇಗೌಡ!
ಯಾರೂ ಅಲ್ಲಾಡಲಿಲ್ಲ.
ಹುಚ್ಚೇಗೌಡಾ!
ಕಬ್ಬಿನಹಾಲಿನ ಗಾಣ ಒಂದು ಸುತ್ತು ನಿಂತು ಕೇಳಿಸಿಕೊಂಡಿತು.
ಮೂರನೆಯ ಸಲ ಮರಕ್ಕೆ ಕೂಗಿದಂತೆ ಕೂಗಿ
ಒಳಗೆ ಹೋದ.

"ಈಗ ಹೆಸರು ಹೊಡೆದುಹಾಕ್ತಾರಾ?"
ಚೆಲುವಮ್ಮ ನಕ್ಕುಬಿಟ್ಟಳು.
"ಅದೆಂಗಾದದು? ಬಸ್ ಕೆಟ್ಟಿರ್ತದೆ, ಹಸ ಈಯ್ತಿರ್ತದೆ.
ಮೂರ್ ಸಲ ಕೂಗುದ್ರೂ ವಾಯ್ದೆ ಕೊಡ್ತರೆ."

ನಾನು ಕೂಗಿಸಿದ್ದು ಒಂದೇ ಸಲ. ವಾಯಿದೆಯ ಮಾತೇ ಇರಲಿಲ್ಲ.

ಅಲ್ಲೇ, ಅವಳ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು
ಹೆಮ್ಮೆಯ ಹದಿನಾಲ್ಕು ಸಾಲು ಅಳಿಸಿದೆ.
ಕದ ತಟ್ಟುವುದು ಇರಲಿ. ಓಗೊಡದ ಹೆಸರು
ಬೂದಿ ಬಣ್ಣದಲ್ಲಿ, ತನ್ನ ಜಾಗದಲ್ಲೇ, ಕೂತಿರಲಿ.
ಹರಿದವನ್ನು ಅವಳು ಒಂದೊಂದೇ ನೆನೆಸಿಕೊಂಡು ತೆರೆದಳು,
ಮಧ್ಯಾಹ್ನ ಪೂರ್ತಿ ಹಿಡಿಯಿತು.
"ಹತ್ತನ್ನ ಇಪ್ಪತ್ತು ಮಾಡಿ ಅತ್ಲಾಗೆ" ಅಂದಳು. ಮಾಡಿದೆ.

ಮೂರು ಗಂಟೆ ದಾಟಿರಬೇಕು.
ಕಿತ್ತುಹೋದ ಚಪ್ಪಲಿ ಕೈಯಲ್ಲಿ ಹಿಡಿದು, ಬೆವರುತ್ತ,
ಒಬ್ಬಾತ ಬಾಗಿಲಿಗೆ ಬಂದು ನಿಂತ.
"ಕೂಗ್ಬುಟ್ರಾ ಚೆಲುವಕ್ಕ?"
ಅವಳ ಕೈ ಆಗಲೇ ಬಾಟಲಿಯೊಳಗಿತ್ತು.